ಒಂದೇ ಕೊಂಬೆಯ ಇಪ್ಪತ್ತೆರಡು ಗೂಡು

ಕಾಡು ಮುಗಿಯುವಲ್ಲಿ ಒಂದು ಕೆರೆ. ಕೆರೆಯ ಏರಿಯಿಂದ ನೀರಿನ ಮೇಲೆ ಬಾಗಿ ನಿಂತ ಒಂದು ಜಾಲಿಮರ. ಆ ಮರದಲ್ಲಿ ಗೀಜಗನ ಹಕ್ಕಿಗಳ ಒಂದು ಕೇರಿ. ಗಂಡು ಇಪ್ಪತ್ತೆರಡು, ಹೆಣ್ಣೂ ಹೆಚ್ಚುಕಡಿಮೆ ಅಷ್ಟೇ. ಮಕ್ಕಳೇ, ಇದು ಸುಖವಾಗಿ ಮುಗಿಯುವ ಕತೆಯಲ್ಲ. ಮೊದಲೇ ಹೇಳಿದ್ದೇನೆ, ಆಮೇಲೆ ಮುಖ ಸಣ್ಣ ಮಾಡಿಕೊಂಡು ಬರಬೇಡಿ.

ಗೀಜಗಗಳಲ್ಲಿ ಮನೆ ಕಟ್ಟುವುದು ಗಂಡಿನ ಕೆಲಸ. ಹಸಿ ಹುಲ್ಲನ್ನು ಎಳೆ ಎಳೆಯಾಗಿ ಸೀಳಿ ತಂದು, ರೆಂಬೆಯ ತುದಿಗೆ ಗಂಟು ಹಾಕಿ, ಮೊದಲು ಒಂದು ಬಳೆ ನೇಯುತ್ತಾನೆ. ಬಳೆಯ ಮೇಲೆ ಒಂದು ಟೋಪಿ. ಅಲ್ಲಿಗೆ ಅರ್ಧ ಗೂಡು. ಅರ್ಧಕ್ಕೇ ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತಾನೆ. ಹೆಣ್ಣು ಬಂದು ಬಳೆಗೆ ಜೋತುಬೀಳುತ್ತಾಳೆ. ಎಳೆ ಕಚ್ಚಿ ಜಗ್ಗುತ್ತಾಳೆ. ಗಾಳಿ ಯಾವ ಕಡೆಯಿಂದ, ಮುಳ್ಳು ಎಷ್ಟು ದೂರ, ರೆಂಬೆ ಎಷ್ಟು ತೂಗುತ್ತದೆ, ಎಲ್ಲ ನೋಡುತ್ತಾಳೆ. ಹಿಡಿಸಿದರೆ ಒಳಗೆ ಕೂರುತ್ತಾಳೆ, ಗಂಡು ಉಳಿದರ್ಧ ಮುಗಿಸುತ್ತಾನೆ. ಹಿಡಿಸದಿದ್ದರೆ ಹಾರಿಹೋಗುತ್ತಾಳೆ. ಗಂಡು ಆ ಅರ್ಧ ಗೂಡನ್ನು ಅಲ್ಲೇ ಬಿಟ್ಟು ಇನ್ನೊಂದು ರೆಂಬೆಯಲ್ಲಿ ಮತ್ತೆ ಮೊದಲ ಗಂಟಿನಿಂದ ಶುರುಮಾಡಬೇಕು.

ಈ ಪದ್ಧತಿಯನ್ನು ಯಾರು ಮಾಡಿದರೋ ತಿಳಿಯದು. ಅದರಲ್ಲಿ ಒಂದು ಅನುಕೂಲವಿತ್ತು. ಯಾರು ಆ ಗೂಡಿನಲ್ಲಿ ಮೊಟ್ಟೆ ಇಡಬೇಕೋ ಅವಳು, ಮೊಟ್ಟೆ ಇಡುವ ಮೊದಲೇ ಬೇಡ ಅನ್ನಬಹುದಿತ್ತು. ಹೋಗುತ್ತಿದ್ದುದು ಒಂದು ಹಿಡಿ ಹುಲ್ಲು.

ಹುಲ್ಲಿನ ಜತೆಗೆ ಗಂಡಿನ ಮರ್ಯಾದೆಯೂ ಸ್ವಲ್ಪ ಹೋಗುತ್ತಿತ್ತು. ಈ ಕತೆಗೆ ಕಾರಣವಾದದ್ದು ಹುಲ್ಲಲ್ಲ, ಆ ಮರ್ಯಾದೆ.

ಕೇರಿಯ ಯಜಮಾನ ನರಸಪ್ಪ. ಮುಂಗಾರಿನ ಮೊದಲ ಮೋಡ ಕಾಣಿಸಿದ ದಿನ ಅವನು ಗಂಡುಗಳನ್ನೆಲ್ಲ ಕೂರಿಸಿಕೊಂಡು ಗೊಣಗುತ್ತಿದ್ದ.

"ಹೋದ ಮಳೆಗಾಲ ನಾಲ್ಕು ಅರ್ಧ ಗೂಡು ಕಟ್ಟಿದೆ. ನಾಲ್ಕೂ ಬೇಡವಾಯಿತು. ಒಬ್ಬಳಾದರೂ ಕಾರಣ ಹೇಳಿದಳಾ? ಮೂತಿ ತಿರುಗಿಸಿಕೊಂಡು ಹೋದರು."

"ನಾನು ಹೇಳಿದ್ದೆನಲ್ಲ," ಎಂದಳು ಪಕ್ಕದ ರೆಂಬೆಯಿಂದ ಜವರಮ್ಮ. ಹೆಣ್ಣುಗಳಲ್ಲೆಲ್ಲ ಹಿರಿಯಳು ಅವಳು. "ಟೋಪಿ ಓರೆಯಾಗಿತ್ತು."

"ಓರೆಯಲ್ಲ ಜವರಮ್ಮ. ಅದು ಹೊಸ ಮಾದರಿ."

"ಮಾದರಿಯೊಳಗೆ ಮಳೆ ಬೀಳ್ತಿತ್ತು ನರಸಪ್ಪ."

ಗಂಡುಗಳು ಯಾರೂ ನಗಲಿಲ್ಲ. ಎಲ್ಲರದೂ ಅದೇ ಕತೆ. ಚೆನ್ನಾಗಿ ನೇಯುತ್ತಿದ್ದವನು ಗಿರಿಯ ಒಬ್ಬನೇ. ಅವನ ಗಂಟು ಒಮ್ಮೆ ಬಿದ್ದರೆ ಬಿತ್ತು. ಬಿಚ್ಚಲು ಅವನಿಗೂ ಆಗುತ್ತಿರಲಿಲ್ಲ. ಅವನನ್ನೂ ಹೋದ ವರ್ಷ ಒಬ್ಬಳು ಬೇಡ ಅಂದಿದ್ದಳು. ಒಂದು ವರ್ಷವಾದರೂ ಅವನು ಅದನ್ನು ಮರೆತಿರಲಿಲ್ಲ.

ಈ ಸಲ ಗಿರಿಯ ಕರೆಯಬೇಕೆಂದಿದ್ದದ್ದು ದೇವೀರಿಯನ್ನು. ದೇವೀರಿಗೆ ಇದು ಮೂರನೆಯ ಮಳೆಗಾಲ. ಮೊದಲ ವರ್ಷದ ಮೊಟ್ಟೆ ಕಾಗೆಯ ಪಾಲಾಗಿತ್ತು, ಎರಡನೆಯ ವರ್ಷದ್ದು ಹಾವಿನ ಪಾಲು. ಒಂದು ಮರಿಯ ಬಾಯಿಗೂ ಅವಳು ಇನ್ನೂ ಹುಳ ಇಟ್ಟಿರಲಿಲ್ಲ. ಗೀಜಗದ ಆಯುಸ್ಸು ಎಷ್ಟೆಂದು ನಿಮಗೆ ಗೊತ್ತಿದ್ದರೆ ಮುಂದಿನ ಲೆಕ್ಕ ನೀವೇ ಹಾಕಿಕೊಳ್ಳಿ. ಅವಳು ಹಾಕಿಕೊಂಡಿದ್ದಳು, ಇದೇ ಕೊನೆಯ ಸಲವಾದೀತು ಎಂದು.

ಹೀಗಿರುವಾಗ ಬೆಳ್ಳಕ್ಕಿ ಬಂದ.

ಕತೆಗಳಲ್ಲಿ ಬೆಳ್ಳಕ್ಕಿ ಎಂದರೆ ಮೋಸಗಾರ ಎಂದು ನಿಮಗೆ ಯಾರಾದರೂ ಹೇಳಿಕೊಟ್ಟಿರುತ್ತಾರೆ. ಇವನು ಮೋಸಗಾರನಲ್ಲ. ತಾನು ಹೇಳಿದ್ದನ್ನೆಲ್ಲ ನಂಬಿದ್ದ. ಮೋಸಗಾರರಿಂದ ತಪ್ಪಿಸಿಕೊಳ್ಳಬಹುದು, ನಂಬಿದವರಿಂದ ಕಷ್ಟ.

ಅವನು ಕೆರೆಯಂಚಿನ ಕೆಸರಿನಲ್ಲಿ ಒಂದು ಕಾಲ ಮೇಲೆ ನಿಂತು ಗಂಡುಗಳ ಗೊಣಗಾಟವನ್ನೆಲ್ಲ ಕೇಳಿದ. ಆಮೇಲೆ ಹೇಳಿದ, "ನಿಮ್ಮಲ್ಲಿ ಕಸುಬು ಇದೆ. ಕ್ರಮ ಇಲ್ಲ. ಒಂದು ಮಳೆಗಾಲಕ್ಕೆ ಎಷ್ಟು ಗೂಡು ವ್ಯರ್ಥವಾಗುತ್ತೆ ಅಂತ ಲೆಕ್ಕ ಇಟ್ಟಿದ್ದೀರಾ?"

"ಇಟ್ಟಿಲ್ಲ ಸ್ವಾಮಿ," ಎಂದ ನರಸಪ್ಪ.

"ನೋಡಿ ಮತ್ತೆ. ಬಡಗಣ ಕೆರೆಯಲ್ಲಿ ನೀರುಕಾಗೆಗಳಿಗೆ ನಾನೇ ಕ್ರಮ ಹೇಳಿಕೊಟ್ಟೆ. ಒಂದು ತಿಂಗಳಲ್ಲಿ ಅವು ಹಿಡಿಯೋ ಮೀನು ಎರಡರಷ್ಟಾಯಿತು."

"ನೀರುಕಾಗೆ ಗೂಡು ನೇಯ್ತಾವಾ ಸ್ವಾಮಿ?" ಎಂದು ಕೇಳಿದಳು ಜವರಮ್ಮ.

"ಕೆಲಸ ಯಾವುದಾದರೇನಮ್ಮ, ಕ್ರಮ ಒಂದೇ."

ಕ್ರಮ ಹೀಗಿತ್ತು. ದಿನಾ ಸೂರ್ಯ ಹುಟ್ಟುತ್ತಲೇ ಸಭೆ. ಸಭೆಯಲ್ಲಿ ಎಲ್ಲರೂ ಒಂಟಿಕಾಲಲ್ಲಿ ನಿಲ್ಲಬೇಕು; ಕಾಲು ನೋಯುತ್ತದೆ, ಆದ್ದರಿಂದ ಮಾತು ಬೆಳೆಯುವುದಿಲ್ಲ. ಪ್ರತಿಯೊಬ್ಬನೂ ಮೂರೇ ಮಾತು ಹೇಳಬೇಕು: ನೆನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನಾದರೂ ಇದೆಯೇ. ಕೆಲಸವನ್ನು ನಾಲ್ಕು ನಾಲ್ಕು ದಿನದ ಓಟಗಳಾಗಿ ಒಡೆಯಬೇಕು. ಒಂದು ಓಟಕ್ಕೆ ಎಷ್ಟು ಎಳೆ ನೇಯುತ್ತೇವೆಂದು ಮೊದಲೇ ಹೇಳಿ ಅಷ್ಟನ್ನು ಮುಗಿಸಬೇಕು. ನಡುವೆ ಹೊಸ ವಿಷಯ ಬಂದರೆ ಕೆಸರಿನ ಮೇಲೆ ಗೀರು ಎಳೆದು ಇಡುವ ಒಂದು ಪಟ್ಟಿಗೆ ಸೇರಿಸಬೇಕು. ಓಟದ ಕೊನೆಗೆ ಪಟ್ಟಿ ನೋಡಿ, ಯಾವುದು ಮುಖ್ಯವೋ ಅದನ್ನು ಎತ್ತಿಕೊಳ್ಳಬೇಕು.

ಇದರಲ್ಲಿ ತಪ್ಪೇನೂ ಇಲ್ಲ. ಚಿಕ್ಕ ಚಿಕ್ಕ ಹೆಜ್ಜೆ ಇಡುವುದು, ಅಡ್ಡಿಯನ್ನು ಅಂದಂದೇ ಹೇಳುವುದು, ಒಳ್ಳೆಯದೇ. ನಿಮ್ಮ ಮನೆಯಲ್ಲಿ ಯಾರಾದರೂ ಆಫೀಸಿಗೆ ಹೋಗುವವರಿದ್ದರೆ ಅವರೂ ಬೆಳಿಗ್ಗೆ ಇಂಥದೇ ಸಭೆಯಲ್ಲಿ ನಿಂತು ಬರುತ್ತಾರೆ. ಕೇಳಿ ನೋಡಿ. ಅವರ ಮುಖವನ್ನೂ ನೋಡಿ.

ಬೆಳ್ಳಕ್ಕಿ ಇನ್ನೊಂದು ಮಾತನ್ನೂ ಹೇಳಿದ್ದ. "ಗೂಡಿನಲ್ಲಿ ಇರೋದು ಹೆಣ್ಣುಗಳು. ಅವರ ಮಾತು ಸಭೆಯಲ್ಲಿ ಇರಲೇಬೇಕು." ಅವನು ಹೇಳಿದ್ದರಲ್ಲೆಲ್ಲ ಬೆಲೆಬಾಳುವ ಮಾತು ಅದು. ಗಂಡುಗಳು ಮೊದಲು ಕತ್ತರಿ ಹಾಕಿದ್ದು ಅದಕ್ಕೇ.

"ಅಷ್ಟೂ ಹೆಣ್ಣು ಬಂದು ಮಾತಾಡಿದರೆ ಸೂರ್ಯ ಮುಳುಗುತ್ತೆ ಸ್ವಾಮಿ," ಎಂದ ನರಸಪ್ಪ. "ಅವರೆಲ್ಲರ ಪರವಾಗಿ ಒಬ್ಬರಿದ್ದರೆ ಸಾಕು. ಬೇಕಾದರೆ ನಾನೇ ಇರ್ತೀನಿ."

"ನೀನಾ?" ಎಂದಳು ಜವರಮ್ಮ. "ಐದು ವರ್ಷದಿಂದ ಹೆಣ್ಣುಗಳು ನಿನ್ನ ಗೂಡು ಬೇಡ ಅಂತಾನೇ ಇದಾರಲ್ಲಪ್ಪ."

"ಅದಕ್ಕೇ. ಅವರಿಗೆ ಏನು ಬೇಡ ಅನ್ನೋದು ನನ್ನಷ್ಟು ಯಾರಿಗೂ ಗೊತ್ತಿಲ್ಲ."

"ಹೆಣ್ಣುಗಳೇ ಬಂದರೆ ಒಳ್ಳೆಯದು," ಎಂದ ಬೆಳ್ಳಕ್ಕಿ ಒಂದು ಸಲ. ಎರಡನೆಯ ಸಲ ಹೇಳಲಿಲ್ಲ. ಅಷ್ಟರಲ್ಲಿ ಕೆಸರಿನಲ್ಲಿ ಒಂದು ಕಪ್ಪೆ ಅಲ್ಲಾಡಿತ್ತು.

ಹೀಗೆ ನರಸಪ್ಪ ಹೆಣ್ಣುಗಳ ಪರವಾದ. ಅರ್ಧ ಗೂಡಿಗೆ ಹೆಣ್ಣನ್ನು ಕರೆಯುವ ಪದ್ಧತಿ ನಿಂತಿತು. ಇನ್ನು ಮೇಲೆ ಅರ್ಧ ಗೂಡನ್ನು ಅವನೇ ನೋಡಿ ಒಪ್ಪುವುದು. ಒಂದೂ ವ್ಯರ್ಥವಾಗುವುದಿಲ್ಲ. ಗಂಡುಗಳಿಗೆ ಎಷ್ಟೋ ವರ್ಷದ ಭಾರ ಇಳಿದಂತಾಯಿತು.

ಮೊದಲ ಸಭೆಯಲ್ಲೇ ಕೊಂಬೆಯ ತೀರ್ಮಾನವೂ ಆಯಿತು. ಹಿಂದೆ ಒಬ್ಬೊಬ್ಬ ಒಂದೊಂದು ರೆಂಬೆ ಹುಡುಕಿಕೊಳ್ಳುತ್ತಿದ್ದ. ಈಗ ಎಲ್ಲ ಗೂಡೂ ಒಂದೇ ಕೊಂಬೆಯಲ್ಲಿ, ಸಾಲಾಗಿ. ನೀರಿನ ಮೇಲೆ ಎಲ್ಲಕ್ಕಿಂತ ದೂರ ಚಾಚಿದ ಉದ್ದನೆಯ ಕೊಂಬೆ. ಹಾವು ಅಷ್ಟು ದೂರ ಬರಲಾರದು, ಹಾರಾಟ ಕಡಿಮೆ, ಎಳೆಯ ಲೆಕ್ಕ ಇಡುವುದೂ ಸುಲಭ. ಒಪ್ಪುವವರು ರೆಕ್ಕೆ ಎತ್ತಿ ಎಂದ ನರಸಪ್ಪ. ಒಂಟಿಕಾಲಲ್ಲಿ ನಿಂತು ರೆಕ್ಕೆ ಎತ್ತಲು ಹೋಗಿ ನಾಲ್ಕು ಗಂಡು ಕೆಳಗೆ ಬಿದ್ದವು. ಅವನ್ನೂ ಒಪ್ಪಿದವರ ಸಾಲಿಗೆ ಸೇರಿಸಿಕೊಂಡರು.

ಮೊದಲ ಓಟ ಚೆನ್ನಾಗಿ ನಡೆಯಿತು. ನಾಲ್ಕು ದಿನದಲ್ಲಿ ಇಪ್ಪತ್ತೆರಡು ಬಳೆ, ಇಪ್ಪತ್ತೆರಡು ಟೋಪಿ. ನರಸಪ್ಪ ಸಾಲಿನುದ್ದಕ್ಕೂ ಹಾರಿ, ಪ್ರತಿ ಗೂಡಿನ ಮುಂದೆ ಒಂದು ಕ್ಷಣ ನಿಂತು, "ಚೆನ್ನಾಗಿದೆ, ಅವರಿಗೆ ಹಿಡಿಸುತ್ತೆ," ಎಂದು ಹೇಳಿಕೊಂಡು ಹೋದ. ತನ್ನ ಗೂಡಿನ ಮುಂದೆ ಎರಡು ಕ್ಷಣ ನಿಂತ.

ದೇವೀರಿ ಅಭ್ಯಾಸಬಲದಿಂದ ಗಿರಿಯನ ಅರ್ಧ ಗೂಡಿನ ಕಡೆಗೆ ಹಾರಿದಳು. ನರಸಪ್ಪ ಅಡ್ಡ ಬಂದ.

"ನೋಡೋ ಕೆಲಸ ಆಯಿತಮ್ಮ. ನಿಮ್ಮ ಪರವಾಗಿ ನಾನು ನೋಡಿದೀನಿ."

"ಇರೋಳು ನಾನು ಮಾವ. ಒಂದು ಸಲ ಜಗ್ಗಿ ನೋಡ್ತೀನಿ."

"ಜಗ್ಗಿದರೆ ಎಳೆ ಸಡಿಲ ಆಗುತ್ತೆ, ಲೆಕ್ಕ ತಪ್ಪುತ್ತೆ. ಎಲ್ಲ ಮುಗಿದ ಮೇಲೆ ನಿಮಗೇ ಅಂತ ಪ್ರದರ್ಶನ ಇಡ್ತೀವಿ. ಎದುರುಗಡೆ ಕೊಂಬೆಯಲ್ಲಿ ಕೂತು ಆರಾಮಾಗಿ ನೋಡುವಿರಂತೆ."

ದೇವೀರಿ ಎದುರು ಕೊಂಬೆಗೆ ಹೋಗಿ ಕೂತಳು. ಗಂಡುಗಳು ಹುಲ್ಲು ಸೀಳಲು ಆಚೆ ಬಯಲಿಗೆ ಹೋಗುವವರೆಗೆ ಕಾದಳು. ಆಮೇಲೆ ಹೋಗಿ ಗಿರಿಯನ ಬಳೆಗೆ ಜೋತುಬಿದ್ದಳು.

ನೇಯ್ಗೆ ಅಚ್ಚುಕಟ್ಟಾಗಿತ್ತು. ಅಷ್ಟು ಒಳ್ಳೆಯ ಗೂಡನ್ನು ಅವಳು ಕಂಡಿರಲಿಲ್ಲ. ಅವಳು ಜಗ್ಗಿದಳು. ಗೂಡು ಕದಲಲಿಲ್ಲ. ಕೊಂಬೆ ಕೆಳಗಿಳಿಯಿತು, ಮತ್ತೆ ಮೇಲೇರಲು ತುಂಬ ಹೊತ್ತು ತೆಗೆದುಕೊಂಡಿತು. ಹಸಿ ಕೊಂಬೆ ಹಾಗೆ ಮಾಡುವುದಿಲ್ಲ. ಅವಳು ಬುಡದ ಕಡೆಗೆ ಹಾರಿ ನೋಡಿದಳು. ಕಾಂಡಕ್ಕೆ ಕೊಂಬೆ ಸೇರುವಲ್ಲಿ ಸಾಸಿವೆಯಷ್ಟು ಸಣ್ಣ ತೂತುಗಳಿದ್ದವು. ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಕಿವಿಯಿಟ್ಟು ಕೇಳಿದಳು. ಒಳಗೆ ಯಾವುದೋ ಹುಳ ಒಂದೇ ಸಮನೆ ಕೊರೆಯುತ್ತಿತ್ತು.

ಅವಳು ನೇರವಾಗಿ ಹುಲ್ಲುಬಯಲಿಗೆ ಹೋದಳು.

"ಗಿರಿಯಾ, ಕೊಂಬೆ ಒಳಗೆ ಟೊಳ್ಳು."

ಗಿರಿಯ ಬಾಯಲ್ಲಿದ್ದ ಎಳೆ ಕೆಳಗಿಟ್ಟ. "ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಜೋತುಬಿದ್ದು ನೋಡಿದೆ. ಬುಡದಲ್ಲಿ ಹುಳ ಬಿದ್ದಿದೆ."

"ಜೋತುಬೀಳಬಾರದು ಅಂತ ತೀರ್ಮಾನ ಆಗಿದೆಯಲ್ಲ."

"ತೀರ್ಮಾನ ಆದರೆ ಕೊಂಬೆ ಗಟ್ಟಿ ಆಗುತ್ತಾ?"

ಗಿರಿಯ ಸುತ್ತ ನೋಡಿದ. ಹತ್ತಿರ ಯಾರೂ ಇರಲಿಲ್ಲ. "ಗೂಡು ಹೇಗಿದೆ?" ಎಂದು ಕೇಳಿದ.

"ಗೂಡು ಚೆನ್ನಾಗಿದೆ. ಅದಕ್ಕೇ ಬಂದು ಹೇಳ್ತಿದೀನಿ. ಚೆನ್ನಾಗಿಲ್ಲದಿದ್ದರೆ ಹಾರಿಹೋಗ್ತಿದ್ದೆ. ಬೇರೆ ರೆಂಬೆಗೆ ಕಟ್ಟು."

"ನಾಳೆ ಸಭೆಯಲ್ಲಿ ಎತ್ತುತೀನಿ."

"ಸಭೆಯಲ್ಲಿ ಏನಕ್ಕೆ ಎತ್ತಬೇಕು? ಬೇರೆ ರೆಂಬೆಗೆ ಹೋಗಿ ಒಂದು ಗಂಟು ಹಾಕು, ಸಾಕು."

"ನನ್ನೊಬ್ಬನದಾಗಿದ್ದರೆ ಹಾಕುತಿದ್ದೆ ದೇವೀರಿ. ಈಗ ಓಟದ ನಡುವೆ ಇದೀವಿ. ನಾನು ಬಿಟ್ಟರೆ ಎಲ್ಲರ ಲೆಕ್ಕವೂ ಬೀಳುತ್ತೆ. ಇಪ್ಪತ್ತೊಂದು ಗಂಡು ನನ್ನ ಮುಖ ನೋಡ್ತಾವೆ."

"ನಾನೊಬ್ಬಳು ನೋಡ್ತಾ ಇದೀನಲ್ಲ," ಎಂದಳು ದೇವೀರಿ.

ಗಿರಿಯ ಎಳೆ ಎತ್ತಿಕೊಂಡು ಹಾರಿಹೋದ.

ಮಾತು ಕೊಟ್ಟಂತೆ ಮರುದಿನ ಸಭೆಯಲ್ಲಿ ವಿಷಯ ಎತ್ತಿದ. ಅಷ್ಟು ಮಟ್ಟಿಗೆ ಅವನು ಪ್ರಾಮಾಣಿಕ. ಅವನಿಗಿಂತ ಮುಂಚೆ ಹದಿನಾರು ಗಂಡುಗಳು ಮೂರು ಮಾತು ಹೇಳಿ ಮುಗಿಸಿದ್ದವು. ನೆನ್ನೆ ನೇಯ್ದೆ, ಇವತ್ತು ನೇಯುತ್ತೇನೆ, ಅಡ್ಡಿ ಏನೂ ಇಲ್ಲ. ಹದಿನಾರು ಸಲ ಇಲ್ಲ ಎಂದು ಕೇಳಿದ ಮೇಲೆ ಇದೆ ಎನ್ನುವುದು ಕಷ್ಟ.

"ಅಡ್ಡಿ," ಎಂದ ಗಿರಿಯ, "ಒಂದು ಸಣ್ಣದು ಇದೆ. ಕೊಂಬೆಯ ಬುಡದಲ್ಲಿ ಹುಳ ಬಿದ್ದ ಹಾಗಿದೆ."

ದೇವೀರಿ ಎದುರಿನ ಕೊಂಬೆಯಿಂದ ಇದನ್ನು ಕೇಳಿಸಿಕೊಂಡಳು. ಟೊಳ್ಳು ಎಂದದ್ದು ಸಣ್ಣದು ಆಗಿತ್ತು. ಬಿದ್ದಿದೆ ಎಂದದ್ದು ಬಿದ್ದ ಹಾಗಿದೆ ಆಗಿತ್ತು. ಅವಳು ಹೇಳಿದಳು ಎಂಬ ಮಾತೂ ಬರಲಿಲ್ಲ.

"ಒಳ್ಳೆಯದು," ಎಂದ ಬೆಳ್ಳಕ್ಕಿ. "ಅಡ್ಡಿ ಇದ್ದರೆ ಹೇಳಬೇಕು. ಎಲ್ಲರೂ ಗಿರಿಯನನ್ನ ನೋಡಿ ಕಲಿಯಿರಿ." ಕಾಲಿನಿಂದ ಕೆಸರಿನ ಮೇಲೆ ಒಂದು ಗೀರು ಎಳೆದ. "ಪಟ್ಟಿಗೆ ಸೇರಿಸಿದೆ. ಕೊಂಬೆ ಪರೀಕ್ಷೆ. ಎಷ್ಟು ಎಳೆಯ ಕೆಲಸ?"

ಗಂಡುಗಳು ಮುಖ ಮುಖ ನೋಡಿಕೊಂಡವು.

"ಅದರಲ್ಲಿ ಎಳೆ ಇಲ್ಲವಲ್ಲ ಸ್ವಾಮಿ," ಎಂದ ಒಬ್ಬ.

"ಹಾಗಾದರೆ ಸೊನ್ನೆ ಎಳೆ," ಎಂದು ಬೆಳ್ಳಕ್ಕಿ ಗೀರಿನ ಪಕ್ಕದಲ್ಲಿ ಒಂದು ಗುಂಡಿ ಒತ್ತಿದ.

ನಾಲ್ಕು ದಿನ ಕಳೆದು ಎರಡನೆಯ ಓಟ ಮುಗಿಯಿತು. ಪಟ್ಟಿಯಲ್ಲಿ ಆಗ ಒಂಬತ್ತು ಗೀರು. ಬಾಗಿಲು ಮೂಡಣಕ್ಕಿರಬೇಕೇ, ಗೂಡಿನ ಒಳಗೆ ಹಸಿಮಣ್ಣು ಎಷ್ಟು ಮೆತ್ತಬೇಕು, ಸಭೆಯಲ್ಲಿ ಬಲಗಾಲೋ ಎಡಗಾಲೋ, ಇಂಥವು. ಲೆಕ್ಕಕ್ಕೆ ಹೆಚ್ಚು ಎಳೆ ಸಿಗುವ ಕೆಲಸವನ್ನು ಮೊದಲು ಎತ್ತಿಕೊಂಡರು. ಸೊನ್ನೆಯದು ಎಲ್ಲಕ್ಕಿಂತ ಕೆಳಗೆ ಹೋಯಿತು.

ಗಿರಿಯ ಇನ್ನೊಂದು ಸಲ ಬಾಯಿ ತೆಗೆದ. "ಆ ಕೊಂಬೆ ವಿಷಯ."

"ಪಟ್ಟಿಯಲ್ಲಿ ಇದೆಯಲ್ಲ," ಎಂದ ನರಸಪ್ಪ.

"ಇದೆ. ಯಾರು ನೋಡಬೇಕು?"

"ನಾನು ಹೆಣ್ಣುಗಳ ಪರ. ಕೊಂಬೆ ಮರದ ವಿಷಯ. ಸ್ವಾಮಿಗಳು ಹೇಳಲಿ."

"ನಾನು ಹೇಳಬಾರದು," ಎಂದ ಬೆಳ್ಳಕ್ಕಿ. "ತೀರ್ಮಾನ ಕೆಲಸ ಮಾಡೋರದ್ದು. ನಾನು ದಾರಿ ತೋರಿಸೋನು ಅಷ್ಟೇ. ನೀವೆಲ್ಲ ಏನಂತೀರಿ?"

"ಯಜಮಾನರು ಹೇಗೆ ಹೇಳಿದರೆ ಹಾಗೆ," ಎಂದವು ಗಂಡುಗಳು.

ಎಲ್ಲರೂ ಒಂದು ಸುತ್ತು ಬಂದಂತಾಯಿತು. ಕಾಲು ನೋಯುತ್ತಿತ್ತು. ಸಭೆ ಮುಗಿಯಿತು. ತೀರ್ಮಾನವನ್ನು ಯಾರೂ ಬೇಡ ಅನ್ನಲಿಲ್ಲ. ಯಾರೂ ಮಾಡಲೂ ಇಲ್ಲ. ಅಲ್ಲಿದ್ದ ಯಾವ ಗಂಡಾದರೂ ಹತ್ತು ಮಾರು ಹಾರಿ ಬುಡಕ್ಕೆ ಕಿವಿಯಿಟ್ಟಿದ್ದರೆ ಸಾಕಿತ್ತು. ಅದಕ್ಕೆ ಎಳೆ ಸಿಗುತ್ತಿರಲಿಲ್ಲ.

ಅಂದು ಮಧ್ಯಾಹ್ನ ಜವರಮ್ಮ ದೇವೀರಿಯ ಹತ್ತಿರ ಬಂದು ಕೂತಳು.

"ನಾನು ಆಚೆ ದಡಕ್ಕೆ ಹೊರಟೆ ಮಗಳೇ. ಅಲ್ಲಿ ಈಚಲಮರದಲ್ಲಿ ಸಿದ್ದ ಅಂತ ಒಬ್ಬ ಇದಾನೆ. ಮೂರು ಗೂಡು ಬೇಡ ಅಂದೆ, ನಾಲ್ಕನೆಯದು ಕಟ್ಟಿಸಿಕೊಂಡೆ."

"ಹೇಗಿದೆ?"

"ನೋಡೋಕೆ ಅಸಹ್ಯ. ಒಣಗಿದ ಹೀರೆಕಾಯಿ ನೇತುಹಾಕಿದ ಹಾಗೆ. ಆದರೆ ಎರಡು ದಿನ ಜೋತುಬಿದ್ದಿದೀನಿ, ಬೀಳಲಿಲ್ಲ. ಅವನ ತಮ್ಮನೂ ಇದಾನೆ, ಅವನಿನ್ನೂ ಅರ್ಧದಲ್ಲಿದಾನೆ. ಬಾ."

"ಅವನದ್ದು ಹೇಗಿದೆ?"

"ಅದು ಇನ್ನೂ ಅಸಹ್ಯ."

ದೇವೀರಿ ಎದುರಿನ ಸಾಲನ್ನು ನೋಡಿದಳು. ಗಿರಿಯನ ಗೂಡು ಮುಗಿದಿತ್ತು. ಹೊಟ್ಟೆ ದುಂಡಗೆ, ಕೆಳಗೆ ಉದ್ದನೆಯ ಕೊಳವೆಯಂಥ ಬಾಗಿಲು, ಒಂದು ಎಳೆಯೂ ಆಚೆ ಚಾಚಿರಲಿಲ್ಲ. ಅವಳ ಹೊಟ್ಟೆಯಲ್ಲಿ ಮೊದಲ ಮೊಟ್ಟೆ ಕೂತಾಗಿತ್ತು. ಇನ್ನು ಎರಡು ದಿನ.

"ಈಗ ಅವನ ಅರ್ಧ ಗೂಡು ಒಪ್ಪಿದರೂ ಅದು ಮುಗಿಯೋ ಹೊತ್ತಿಗೆ ಮೊಟ್ಟೆ ಬಂದುಬಿಡುತ್ತೆ ಚಿಕ್ಕಮ್ಮ. ನೆಲದ ಮೇಲೆ ಇಡೋಕಾಗುತ್ತಾ? ಮುಂದಿನ ಓಟದಲ್ಲಿ ಕೊಂಬೆ ನೋಡ್ತೀವಿ ಅಂದಿದಾನೆ ಗಿರಿಯ."

"ಅಂದಿದಾನಾ?"

"ಅಂದಿದಾನೆ."

ಜವರಮ್ಮ ಆಚೆ ದಡಕ್ಕೆ ಹಾರಿದಳು. ಅವಳು ಹೋದದ್ದನ್ನು ಮರುದಿನದ ಸಭೆಯಲ್ಲಿ ನರಸಪ್ಪ ತಿಳಿಸಿದ. ಕ್ರಮಕ್ಕೆ ಹೊಂದಿಕೊಳ್ಳಲಾರದವರು ಹೋಗುವುದು ಒಳ್ಳೆಯದೇ ಎಂದ.

ಪ್ರದರ್ಶನ ನಡೆಯಿತು. ಹೆಣ್ಣುಗಳು ಎದುರು ಕೊಂಬೆಯಲ್ಲಿ ಕೂತು ನೋಡಿದರು. ಬೆಳಗಿನ ಬಿಸಿಲಿನಲ್ಲಿ ಸಾಲು ನಿಜಕ್ಕೂ ಚೆಂದವಾಗಿತ್ತು. ನರಸಪ್ಪನ ಟೋಪಿ ಕೂಡ ಅಷ್ಟು ದೂರದಿಂದ ನೆಟ್ಟಗೇ ಕಾಣುತ್ತಿತ್ತು. ಒಟ್ಟು ಎಷ್ಟು ಸಾವಿರ ಎಳೆ, ಎಷ್ಟು ದಿನ ಮೊದಲೇ ಮುಗಿಯಿತು, ಎಷ್ಟು ಗೂಡು ವ್ಯರ್ಥವಾಯಿತು ಎಂದು ಬೆಳ್ಳಕ್ಕಿ ವಿವರಿಸಿದ. ವ್ಯರ್ಥವಾದದ್ದು ಸೊನ್ನೆ. ಗಂಡುಗಳು ರೆಕ್ಕೆ ಬಡಿದವು. ಏನಾದರೂ ಕೇಳುವುದಿದೆಯೇ ಎಂದು ಬೆಳ್ಳಕ್ಕಿ ಹೆಣ್ಣುಗಳ ಕಡೆ ತಿರುಗಿದ.

"ಕೊಂಬೆ," ಎಂದಳು ದೇವೀರಿ.

"ಪಟ್ಟಿಯಲ್ಲಿದೆ," ಎಂದ ನರಸಪ್ಪ.

ಹೆಣ್ಣುಗಳೆಲ್ಲರ ಹೊಟ್ಟೆಯಲ್ಲೂ ಮೊಟ್ಟೆ ಇತ್ತು. ಕಟ್ಟಿ ಮುಗಿದ ಮನೆಯ ಮುಂದೆ, ಹೊಟ್ಟೆಯಲ್ಲಿ ಮೊಟ್ಟೆ ಇಟ್ಟುಕೊಂಡು, ಬೇಡ ಎನ್ನುವುದು ಹೇಗೆ? ಒಬ್ಬೊಬ್ಬರಾಗಿ ಹೋಗಿ ಒಳಗೆ ಸೇರಿಕೊಂಡರು. ದೇವೀರಿಯೂ ಹೋದಳು.

ಮೂರು ಮೊಟ್ಟೆ ಇಟ್ಟಳು. ಬಿಳಿಯವು, ಬೇವಿನಹಣ್ಣಿಗಿಂತ ತುಸು ದೊಡ್ಡವು. ಕಾವಿಗೆ ಕೂತಳು. ಗಿರಿಯ ದಿನಕ್ಕೆರಡು ಸಲ ಬಂದು ಗೂಡಿನ ಹೊರಗೆ ಒಂದೊಂದು ಎಳೆ ಸೇರಿಸಿ ಹೋಗುತ್ತಿದ್ದ. ಅದರ ಅಗತ್ಯವಿರಲಿಲ್ಲ.

"ಕೊಂಬೆ ನೋಡಿದಿರಾ?" ಎಂದು ಅವಳು ಒಳಗಿನಿಂದ ಕೇಳುತ್ತಿದ್ದಳು.

"ಈ ಓಟದಲ್ಲಿ ಆಗಲಿಲ್ಲ."

ಒಂದು ದಿನ ಅವಳು ಕೇಳುವುದನ್ನು ನಿಲ್ಲಿಸಿದಳು. ಮೊಟ್ಟೆಯೊಳಗೆ ಏನೋ ಮಿಸುಕಿದ ಹಾಗಾಗಿತ್ತು. ಬೇರೆ ಯಾವುದರ ಮೇಲೂ ಅವಳಿಗೆ ಗಮನವಿರಲಿಲ್ಲ.

ಹನ್ನೆರಡನೆಯ ದಿನ ಹಗಲು ಊಟದ ಹೊತ್ತಿಗೆ ಪಡುವಣದಿಂದ ಮಳೆ ಬಂತು. ಗಾಳಿ ಹೆಚ್ಚಿರಲಿಲ್ಲ. ಜಡಿಮಳೆ, ಎರಡು ಗಂಟೆ ಬಿಡದೆ ಹೊಯ್ಯಿತು. ಇಪ್ಪತ್ತೆರಡು ಗೂಡುಗಳ ಹುಲ್ಲು ನೀರು ಕುಡಿಯಿತು. ಒಳಗೆ ಮೆತ್ತಿದ್ದ ಮಣ್ಣು ನೀರು ಕುಡಿಯಿತು. ಅದರ ಮೇಲೆ ತಾಯಿಯರ ತೂಕ. ಒಂದೊಂದು ರೆಂಬೆಗೆ ಒಂದೊಂದು ಗೂಡಿದ್ದಿದ್ದರೆ ಅದೆಲ್ಲ ಒಂದು ತೂಕವೇ ಅಲ್ಲ.

ಕೊಂಬೆ ಮುರಿಯುವಾಗ ದೊಡ್ಡ ಸದ್ದೇನೂ ಆಗಲಿಲ್ಲ. ಟೊಳ್ಳಾದದ್ದು ಸದ್ದು ಮಾಡುವುದಿಲ್ಲ. ಬುಡದಲ್ಲಿ ಒಮ್ಮೆ ಮೆತ್ತಗೆ ಬಾಗಿ, ಇಡೀ ಸಾಲನ್ನು ಹೊತ್ತುಕೊಂಡು ನೀರಿನೊಳಗೆ ಇಳಿಯಿತು.

ಗೀಜಗನ ಗೂಡಿಗೆ ಬಾಗಿಲು ಕೆಳಗಡೆ ಇರುತ್ತದೆ. ಹಾವಿಗೆ ಹತ್ತಲಾಗದಿರಲಿ ಎಂದು ಹಾಗೆ. ನೀರಿಗೆ ಅದು ಹೆಬ್ಬಾಗಿಲು.

ಗಂಡುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಕೆಲವು ಹೆಣ್ಣುಗಳು ಒದ್ದೆ ರೆಕ್ಕೆ ಒದರುತ್ತ ಹೇಗೋ ಹೊರಬಂದರು. ಐವರು ಬರಲಿಲ್ಲ. ಗಿರಿಯ ತನ್ನ ಗೂಡಿನ ಮೇಲೆ ಬಿದ್ದು ಮೇಲ್ಗಡೆಯಿಂದ ಎಳೆ ಕಚ್ಚಿ ಕೀಳತೊಡಗಿದ. ಒಳಗೆ ದೇವೀರಿ ಮೊಟ್ಟೆಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ನೀರು ಅವಳ ಎದೆಯವರೆಗೆ ಬಂದಿತ್ತು.

"ಹೊರಗೆ ಬಾ," ಎಂದ ಗಿರಿಯ.

"ಮೊಟ್ಟೆ ಇದೆ."

"ಮೇಲೆ ಬಿಚ್ಚುತಿದೀನಿ, ಇರು."

ಬಿಚ್ಚಲಿಲ್ಲ. ಕೇರಿಯಲ್ಲೇ ಅತಿ ಗಟ್ಟಿ ಗಂಟು ಅವನದು. ಅವನು ಕೊಕ್ಕು ರಕ್ತವಾಗುವವರೆಗೆ ಕಿತ್ತ. ಒಂದು ಎಳೆ ಬಂತು, ಎರಡು ಬಂತು. ಗೂಡಿನಲ್ಲಿ ಎರಡು ಸಾವಿರ ಎಳೆ ಇದ್ದವು, ಅದನ್ನು ಅವನೇ ಸಭೆಯಲ್ಲಿ ಹೇಳಿದ್ದ. ನೀರು ದೇವೀರಿಯ ಕುತ್ತಿಗೆಗೆ ಬಂತು. ಆಗ ಅವಳು ಕೆಳಗಿನ ಬಾಗಿಲಿನಿಂದ ಮುಳುಗಿ ಈಚೆ ಬಂದಳು. ಒಂಟಿಯಾಗಿ ಬಂದಳು. ಮೊಟ್ಟೆ ಕಚ್ಚಿಕೊಂಡು ಬರಲು ಅವಳ ಕೊಕ್ಕು ಸಾಲದು.

ಕೊಂಬೆ ಸ್ವಲ್ಪ ಹೊತ್ತು ತೇಲಿತು. ಆಮೇಲೆ ಒಂದು ಮಗ್ಗುಲಿಗೆ ತಿರುಗಿ ತಳ ಸೇರಿತು.

ಮರುದಿನ ಸೂರ್ಯ ಹುಟ್ಟಿದಾಗ ಸಭೆ ಸೇರಿತು. ನಗಬೇಡಿ, ಸೇರಿತು. ಹದಿನೇಳು ಗಂಡುಗಳು ಬಂದಿದ್ದವು. ಏನಾಯಿತು, ಏನು ಕಲಿತೆವು ಎಂದು ಮಾತಾಡಬೇಕು ಎಂದ ಬೆಳ್ಳಕ್ಕಿ. ಅವನ ದನಿ ಕುಗ್ಗಿತ್ತು. ಅವನಿಗೆ ದುಃಖವಾಗಿರಲಿಲ್ಲ ಎಂದು ಹೇಳಲಾರೆ.

"ಗೂಡಿನಲ್ಲಿ ತಪ್ಪಿರಲಿಲ್ಲ," ಎಂದ ನರಸಪ್ಪ. "ಒಂದು ಗೂಡಾದರೂ ಬಿಚ್ಚಿತಾ? ಇಲ್ಲ. ತಪ್ಪು ಮರದ್ದು."

"ಕೊಂಬೆ ವಿಷಯ ಪಟ್ಟಿಯಲ್ಲಿತ್ತು," ಎಂದ ಇನ್ನೊಬ್ಬ. "ಅಂದರೆ ನಮಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ."

ಇದು ಎಲ್ಲರಿಗೂ ಸಮಾಧಾನದ ಮಾತಾಗಿ ಕೇಳಿಸಿತು. ಮುಂದಿನ ವರ್ಷದಿಂದ ಪಟ್ಟಿಯನ್ನು ಎರಡು ದಿನಕ್ಕೊಮ್ಮೆ ಓದಬೇಕು ಎಂದು ತೀರ್ಮಾನವಾಯಿತು. ಕೆಸರಿನ ಮೇಲಿನ ಗೀರುಗಳೆಲ್ಲ ಮಳೆಗೆ ಅಳಿಸಿಹೋಗಿದ್ದರಿಂದ ಓದಲು ಅಂದು ಏನೂ ಇರಲಿಲ್ಲ.

ಗಿರಿಯ ಸಭೆಗೆ ಹೋಗಿರಲಿಲ್ಲ. ಮೂರು ದಿನ ಅವನು ಎಲ್ಲಿದ್ದನೋ ಗೊತ್ತಿಲ್ಲ. ನಾಲ್ಕನೆಯ ದಿನ ಆಚೆ ದಡಕ್ಕೆ ಬಂದ. ಜವರಮ್ಮನ ಹೀರೆಕಾಯಿ ಗೂಡಿನಲ್ಲಿ ಎರಡು ಮರಿಗಳಾಗಿ, ಒಂದು ಬದುಕಿತ್ತು. ಅದರ ಕೂಗು ಕೇಳುವಷ್ಟು ಹತ್ತಿರದ ರೆಂಬೆಯಲ್ಲಿ ದೇವೀರಿ ಕೂತಿದ್ದಳು.

ಗಿರಿಯ ಅವಳಿಂದ ಸ್ವಲ್ಪ ದೂರದಲ್ಲಿ ಇಳಿದ. ಅವನ ಕೊಕ್ಕಿನಲ್ಲಿ ಒಂದು ಹಸಿ ಎಳೆ ಇತ್ತು. ಅದನ್ನು ರೆಂಬೆಯ ಮೇಲಿಟ್ಟು ಕಾಲಲ್ಲಿ ಒತ್ತಿ ಹಿಡಿದುಕೊಂಡ.

"ಎಲ್ಲಿ ಕಟ್ಟಲಿ?" ಎಂದು ಕೇಳಿದ. "ನೀನೇ ಹೇಳು. ಯಾವ ರೆಂಬೆ ಅಂದರೆ ಆ ರೆಂಬೆ. ಎಷ್ಟು ಸಲ ಬೇಡ ಅಂದರೂ ಸರಿ."

ದೇವೀರಿ ಅವನನ್ನು ನೋಡಿದಳು. ಅವಳಿಗೆ ಅವನ ಮೇಲೆ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

"ಎಲ್ಲಾದರೂ ಕಟ್ಟಿಕೋ ಗಿರಿಯಾ," ಎಂದಳು. "ನನ್ನೊಳಗೆ ಇನ್ನು ಮೊಟ್ಟೆ ಇಲ್ಲ."

ನೀತಿ: ಗೂಡಿನಲ್ಲಿ ಇರಬೇಕಾದವರನ್ನು ಅದು ಅರ್ಧದಲ್ಲಿರುವಾಗಲೇ ಕೇಳಿ, ಅವರು ಬೇಡ ಎಂದರೆ ಅಂದೇ ನಿಲ್ಲಿಸಿ, ಆಗ ಹೋಗುವುದು ಹುಲ್ಲು ಮಾತ್ರ.